ಅರಳು ಮರಳು: ಸಂಕೋಲೆಯಿಂದ ಸಾಂತ್ವನದವರೆಗೆ



ನನ್ನ ಬಳಿ ಇತಿಹಾಸ ಕಲಿತ ಮೊದಲ ತಂಡಗಳವರು ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ. ಹಿಂದೆ ಅವರು ಕೇಳುತ್ತಿದ್ದ ಪ್ರಶ್ನೆಗಳು ಕಿತ್ತೂರಿನ ದಂಗೆಯ ಇಸವಿ, ಪಾಣಿಪತ್ತಿನ ಯುದ್ಧದ ಕಾರಣ ಇಂಥವು. ಈಗ ಅವರಲ್ಲಿ ಹಲವರು ಕೇಳುವ ಪ್ರಶ್ನೆ ಬೇರೆ. "ಸರ್, ನಮ್ಮ ಅಪ್ಪ ರಾತ್ರಿ ಎರಡಕ್ಕೆದ್ದು ಬಾಗಿಲ ತಗೀತಾರ್ರಿ. ತಡದ್ರ ಬಡೀಲಿಕ್ಕೆ ಬರ್ತಾರ. ಏನ ಮಾಡೋದ್ರಿ?" ನಾನು ವೈದ್ಯನಲ್ಲ. ಆದರೆ ಇತಿಹಾಸದ ಮೇಷ್ಟ್ರಿಗೆ ಒಂದು ಕೆಲಸ ಸಾಧ್ಯ. ಇಂಥ ಪ್ರಶ್ನೆಯನ್ನು ಹಿಂದಿನವರು ಹೇಗೆ ಎದುರಿಸಿದರು, ಎಲ್ಲಿ ಎಡವಿದರು, ಯಾವಾಗ ದಾರಿ ಬದಲಿಸಿದರು ಎಂಬುದನ್ನು ಅವನು ಕ್ರಮವಾಗಿ ಹೇಳಬಲ್ಲ. ಈ ಬರಹದಲ್ಲಿ ಮಾಡಿರುವುದು ಅಷ್ಟೇ.

ಮೊದಲು ನಮ್ಮ ಮಾತಿನಿಂದಲೇ ಆರಂಭಿಸೋಣ. "ಅರವತ್ತಕ್ಕೆ ಅರಳು ಮರಳು" ಎಂಬ ಗಾದೆ ಕನ್ನಡಿಗರೆಲ್ಲರಿಗೂ ಗೊತ್ತು. ಧಾರವಾಡದ ವರಕವಿ ಬೇಂದ್ರೆಯವರು ಈ ಎರಡು ಶಬ್ದಗಳನ್ನೇ ತಮ್ಮ ಸಂಕಲನದ ಹೆಸರಾಗಿಸಿದರು. ಮತ್ತೆ ಅರಳುವುದು ಎಂಬ ಧ್ವನಿಯನ್ನೂ ಅದರಲ್ಲಿ ಕೇಳಿಸಿದ ಆ ಕೃತಿಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಆದರೆ ಗಾದೆಯ ಬಳಕೆಯ ಅರ್ಥ ಒಂದೇ: ವಯಸ್ಸಾದ ಮೇಲೆ ಬುದ್ಧಿ ಕೆಡುವುದು ಸಹಜ. ಈ ಗಾದೆಯಿಂದ ಒಂದು ಉಪಕಾರವೂ ಒಂದು ಅಪಕಾರವೂ ಆಗಿದೆ. ಮರೆವಿನ ಹಿರಿಯರನ್ನು ಹುಚ್ಚರೆಂದು ಹೊರಗಿಡದೆ ಮನೆಯೊಳಗೇ ಉಳಿಸಿಕೊಂಡದ್ದು ಉಪಕಾರ. ಮೆದುಳಿನ ರೋಗವೊಂದನ್ನು ವಯಸ್ಸಿನ ಲಕ್ಷಣವೆಂದು ತಿಳಿದು ಔಷಧವನ್ನಾಗಲೀ ಉಪಾಯವನ್ನಾಗಲೀ ಹುಡುಕದೆ ಹೋದದ್ದು ಅಪಕಾರ. ಇಂದು ಡಿಮೆನ್ಶಿಯಾ ಎಂದು ಕರೆಯುವುದು ಎಲ್ಲ ವೃದ್ಧರಿಗೂ ಬರುವಂಥದಲ್ಲ. ಅದು ರೋಗಗಳ ಒಂದು ಗುಂಪು, ಆಲ್‌ಝೈಮರ್ ಅವುಗಳಲ್ಲಿ ಪ್ರಮುಖವಾದುದು.

ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಹಿಂದಿನ ಕಾಲದ ಆರೈಕೆ ಹೇಗಿತ್ತು? ತುಂಬಿದ ಮನೆ, ತಲಬಾಗಿಲ ಮುಂದಿನ ಕಟ್ಟೆ, ಓಣಿಯಲ್ಲಿ ಎಲ್ಲರಿಗೂ ಎಲ್ಲರ ಗುರುತು. ಹಾದಿ ತಪ್ಪಿದ ಅಜ್ಜನನ್ನು ಯಾರಾದರೂ ಕೈಹಿಡಿದು ತಂದು ಬಿಡುತ್ತಿದ್ದರು. ಹತ್ತು ಕೈಗಳಿದ್ದುದರಿಂದ ಒಬ್ಬರ ಮೇಲೆಯೇ ಭಾರ ಬೀಳುತ್ತಿರಲಿಲ್ಲ. ಇಷ್ಟು ನೆನೆದು ಹಳೆಯ ಕಾಲವೇ ಬಂಗಾರವೆಂದು ಹೇಳಿಬಿಡುವುದು ಸುಲಭ, ಆದರೆ ಅದು ಪೂರ್ತಿ ಸತ್ಯವಲ್ಲ. ಜಗಳಾಡುವ, ಬೈಯುವ, ಬಟ್ಟೆ ಕಳಚುವ ಹಿರಿಯರನ್ನು ಹಿತ್ತಲ ಕೋಣೆಯಲ್ಲಿ ಹಾಕಿ ಚಿಲಕ ಜಡಿದದ್ದೂ ಉಂಟು, ಕಂಬಕ್ಕೆ ಕಟ್ಟಿದ್ದೂ ಉಂಟು. ಗಾಳಿ ಸೋಕಿದೆಯೆಂದು ಮಂತ್ರ, ತಾಯಿತ ಮಾಡಿಸಿದ್ದೂ ಉಂಟು. ಇನ್ನೊಂದು ಸಂಗತಿಯನ್ನು ಮರೆಯಬಾರದು. ಆ ಕಾಲದಲ್ಲಿ ಆ ವಯಸ್ಸನ್ನು ಮುಟ್ಟುವವರೇ ಕಡಿಮೆ. 1951ರ ಜನಗಣತಿಯ ಹೊತ್ತಿಗೆ ಇಡೀ ಭಾರತದಲ್ಲಿ ಅರವತ್ತು ದಾಟಿದವರು ಸುಮಾರು 2 ಕೋಟಿ. 2011ರ ಜನಗಣತಿಯಲ್ಲಿ ಅವರ ಸಂಖ್ಯೆ 10 ಕೋಟಿಯನ್ನು ದಾಟಿತು. ಹಿರಿಯರು ಐದು ಪಟ್ಟಾದರು, ಮನೆಯಲ್ಲಿ ಇರುವ ಕೈಗಳು ಎರಡೋ ಮೂರೋ ಆದವು. ಇಂದಿನ ಸಂಕಟದ ಮೂಲ ಇಲ್ಲಿದೆ. ಮಕ್ಕಳ ಪ್ರೀತಿ ಕಡಿಮೆಯಾಗಿದೆಯೆಂದು ಶಪಿಸುವುದಕ್ಕಿಂತ ಈ ಲೆಕ್ಕವನ್ನು ನೋಡುವುದು ನ್ಯಾಯ.

ಈಗ ಸಂಸ್ಥೆಗಳ ಇತಿಹಾಸಕ್ಕೆ ಬರೋಣ. 1836ರಲ್ಲಿ ಬೆಳಗಾವಿಯು ಧಾರವಾಡದಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾಯಿತು. 1845ರಲ್ಲಿ ಧಾರವಾಡದಲ್ಲಿ ಬ್ರಿಟಿಷರು ಹುಚ್ಚಾಸ್ಪತ್ರೆಯನ್ನು ತೆರೆದರು. ಇಂದು ಡಿಮ್ಹಾನ್ಸ್ ಎಂದು ಕರೆಯುವ ಮಾನಸಿಕ ಆರೋಗ್ಯ ಸಂಸ್ಥೆಯ ಬೇರು ಅದೇ. ನಮ್ಮ ಭಾಗದ ಹಿರಿಯರ ಬಾಯಲ್ಲಿ "ಧಾರವಾಡಕ್ಕ ಕಳಸಬೇಕಾಗ್ತದ ನೋಡು" ಎಂಬ ಬೈಗುಳ ಹುಟ್ಟಿದ್ದು ಆ ಗೋಡೆಗಳಿಂದ. ಅದಕ್ಕೆ ಆರು ವರ್ಷ ಮೊದಲು, 1839ರಲ್ಲಿ, ಲಂಡನ್ನಿನ ಸಮೀಪದ ಹ್ಯಾನ್‌ವೆಲ್ ಆಸ್ಪತ್ರೆಯಲ್ಲಿ ಜಾನ್ ಕೊನೊಲಿ ಎಂಬ ವೈದ್ಯರು ರೋಗಿಗಳನ್ನು ಕಟ್ಟಿಹಾಕುವ ಸಾಧನಗಳನ್ನೆಲ್ಲ ತೆಗೆದುಹಾಕಿಸಿದ್ದರು. ಕಟ್ಟದೆಯೂ ನೋಡಿಕೊಳ್ಳಬಹುದೆಂದು ಅವರು ತೋರಿಸಿಕೊಟ್ಟರು. ಆದರೆ ಆಳುವವರ ನಾಡಿನಲ್ಲಿ ಹುಟ್ಟಿದ ಒಳ್ಳೆಯ ವಿಚಾರ ಆಳಿಸಿಕೊಳ್ಳುವವರ ನಾಡನ್ನು ಮುಟ್ಟಲು ತಡವಾಗುತ್ತದೆ. ಭಾರತದಲ್ಲಿ 1858ರ ಕಾಯ್ದೆಯಾಗಲೀ 1912ರ ಕಾಯ್ದೆಯಾಗಲೀ ಹೆಚ್ಚು ಚಿಂತಿಸಿದ್ದು ಯಾರನ್ನು ಹೇಗೆ ಒಳಗೆ ಹಾಕಬೇಕು ಎಂಬುದನ್ನು. ಒಳಗಿದ್ದವರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬುದು ಅವುಗಳಿಗೆ ಎರಡನೆಯ ಮಾತಾಗಿತ್ತು. 1946ರ ಭೋರ್ ಸಮಿತಿಯ ವರದಿಯ ಕಾಲಕ್ಕೆ ದೇಶದ ಮಾನಸಿಕ ಆಸ್ಪತ್ರೆಗಳಲ್ಲಿದ್ದ ಹಾಸಿಗೆಗಳು ಸುಮಾರು ಹತ್ತು ಸಾವಿರ ಮಾತ್ರ. 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಬೆಂಗಳೂರಿನ ನಿಮ್ಹಾನ್ಸ್ ನೆರವಿನಿಂದ ಪ್ರಕಟಿಸಿದ ವರದಿಯು, ದೇಶದ ಹಲವು ಮಾನಸಿಕ ಆಸ್ಪತ್ರೆಗಳು ಇನ್ನೂ ಸೆರೆಮನೆಯ ರೀತಿಯಲ್ಲೇ ನಡೆಯುತ್ತಿವೆ ಎಂದು ಎತ್ತಿ ತೋರಿಸಿತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ರೋಗಿಗಳು ಓಡಲಾರದೆ ಹೋದರು. 28 ಜನ ಸತ್ತರು. ಕಟ್ಟಿಹಾಕುವುದು ಸುರಕ್ಷತೆಗಾಗಿ ಎಂಬ ಮಾತಿಗೆ ಇದಕ್ಕಿಂತ ಕಠೋರವಾದ ಉತ್ತರ ಬೇಕಿಲ್ಲ.

ಇನ್ನು ರೋಗದ ಇತಿಹಾಸ. 1901ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಆಗಸ್ಟೆ ಡೇಟರ್ ಎಂಬ 51 ವರ್ಷದ ಮಹಿಳೆಯನ್ನು ಕರೆತಂದರು. ಅವಳನ್ನು ಆಸ್ಪತ್ರೆಯವರೆಗೆ ತಂದದ್ದು ಬರೀ ಮರೆವಲ್ಲ. ಗಂಡನ ಮೇಲೆ ಆಧಾರವಿಲ್ಲದ ಸಂಶಯ, ಸಾಮಾನುಗಳನ್ನು ಬಚ್ಚಿಡುವುದು, ಕೂಗಾಡುವುದು. ಅಂದರೆ ನಾವಿಂದು "ಸಂಭಾಳಿಸಲಾಗದ ವರ್ತನೆ" ಎನ್ನುವುದರಿಂದಲೇ ಈ ರೋಗದ ಚರಿತ್ರೆ ಆರಂಭವಾಗಿದೆ. ಅವಳನ್ನು ಪರೀಕ್ಷಿಸಿದ ವೈದ್ಯರು ಅಲೋಯಿಸ್ ಆಲ್‌ಝೈಮರ್. 1906ರಲ್ಲಿ ಅವಳು ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದೇ ವರ್ಷ ತಮ್ಮ ಶೋಧವನ್ನು ಸಭೆಯೊಂದರಲ್ಲಿ ಮಂಡಿಸಿದರು. 1910ರಲ್ಲಿ ಕ್ರೆಪೆಲಿನ್ ಎಂಬ ಪಂಡಿತರು ತಮ್ಮ ಗ್ರಂಥದಲ್ಲಿ ಈ ರೋಗಕ್ಕೆ ಆಲ್‌ಝೈಮರ್ ಹೆಸರನ್ನಿಟ್ಟರು. ಆದರೆ ಮುಂದಿನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇದು ನಡುವಯಸ್ಸಿನವರಿಗೆ ಬರುವ ಅಪರೂಪದ ರೋಗವೆಂದೇ ವೈದ್ಯಲೋಕ ತಿಳಿದಿತ್ತು. ಮುದುಕರ ಮರೆವಿಗೆ ಅಲ್ಲಿಯೂ "ಅರಳು ಮರಳು" ಎಂಬಂಥ ಹೆಸರೇ ಇತ್ತು. 1968ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಸಂಶೋಧಕರು ಪ್ರಕಟಿಸಿದ ಅಧ್ಯಯನ, 1976ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಜ್‌ಮನ್ ಬರೆದ ಲೇಖನ, ಇವುಗಳ ನಂತರವೇ ವೃದ್ಧರ ಮರೆವೂ ಬಹುಮಟ್ಟಿಗೆ ಅದೇ ರೋಗವೆಂಬುದು ಸ್ಥಿರವಾಯಿತು. ಪಶ್ಚಿಮದವರೂ ನಮ್ಮ ಗಾದೆಯನ್ನು ಬಹುಕಾಲ ನಂಬಿದ್ದರೆಂಬುದು ಇದರಿಂದ ತಿಳಿಯುತ್ತದೆ.

ಸರಪಳಿ ಹೋದ ಮೇಲೆ ಏನು ಬಂತು? ಗುಳಿಗೆ ಬಂತು. 1952ರಲ್ಲಿ ಕ್ಲೋರ್‌ಪ್ರೊಮಜಿನ್, 1958ರಲ್ಲಿ ಹ್ಯಾಲೋಪೆರಿಡಾಲ್ ಬಳಕೆಗೆ ಬಂದವು. ತೀವ್ರ ಮನೋರೋಗಗಳಿಂದ ನರಳುತ್ತಿದ್ದವರಿಗೆ ಇವುಗಳಿಂದ ಬಹಳ ಉಪಕಾರವಾಯಿತು, ಅದನ್ನು ಅಲ್ಲಗಳೆಯಲಾಗದು. ಆದರೆ ಮರೆವಿನ ಮುದುಕರು ಗದ್ದಲ ಮಾಡಿದಾಗಲೂ ಇಂಥವೇ ಗುಳಿಗೆಗಳನ್ನು ಕೊಟ್ಟು ಕೂಡಿಸುವ ರೂಢಿ ಆರೈಕೆ ಕೇಂದ್ರಗಳಲ್ಲಿ ಬೆಳೆಯಿತು. ಕಣ್ಣಿಗೆ ಕಾಣದ ಸರಪಳಿ ಇದು. 1987ರಲ್ಲಿ ಅಮೆರಿಕದ ಕಾನೂನೊಂದು, ಸಿಬ್ಬಂದಿಯ ಅನುಕೂಲಕ್ಕಾಗಿ ಹಗ್ಗದಿಂದಾಗಲೀ ಔಷಧದಿಂದಾಗಲೀ ವೃದ್ಧರನ್ನು ಕಟ್ಟಬಾರದು ಎಂದು ಹೇಳಿತು. 2005ರಲ್ಲಿ ಅಲ್ಲಿಯ ಔಷಧ ನಿಯಂತ್ರಣ ಸಂಸ್ಥೆಯು 17 ಪ್ರಯೋಗಗಳನ್ನು ಪರಿಶೀಲಿಸಿ, ಡಿಮೆನ್ಶಿಯಾ ಇರುವ ವೃದ್ಧರಿಗೆ ಈ ವರ್ಗದ ಹೊಸ ಔಷಧಗಳನ್ನು ಕೊಟ್ಟಾಗ ಸಾವಿನ ಅಪಾಯ ಸುಮಾರು 1.6ರಿಂದ 1.7 ಪಟ್ಟು ಆಗುತ್ತದೆಂದು ಎಚ್ಚರಿಸಿತು. 2009ರಲ್ಲಿ ಪ್ರೊಫೆಸರ್ ಸುಬೆ ಬ್ಯಾನರ್ಜಿ ಅವರು ಬ್ರಿಟಿಷ್ ಸರ್ಕಾರಕ್ಕೆ ಸಲ್ಲಿಸಿದ ವರದಿಯ ಲೆಕ್ಕ ಇನ್ನೂ ಸ್ಪಷ್ಟ. ವರ್ಷಕ್ಕೆ ಸುಮಾರು 1,80,000 ಡಿಮೆನ್ಶಿಯಾ ರೋಗಿಗಳಿಗೆ ಇಂಥ ಔಷಧ ಕೊಡಲಾಗುತ್ತಿತ್ತು, ಪ್ರಯೋಜನವಾಗುತ್ತಿದ್ದದ್ದು ಹೆಚ್ಚೆಂದರೆ 36,000 ಜನರಿಗೆ, ಹೆಚ್ಚುವರಿ ಸಾವುಗಳು ಸುಮಾರು 1,800. ಇದನ್ನು ಓದಿ ಯಾರೂ ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು. ಕೆಲವರಿಗೆ, ಕೆಲವು ಸಮಯದಲ್ಲಿ, ಅದು ಅಗತ್ಯ. ಆದರೆ "ಇದನ್ನು ಯಾಕೆ ಕೊಡುತ್ತಿದ್ದೀರಿ, ಎಷ್ಟು ದಿನ, ಯಾವಾಗ ಕಡಿಮೆ ಮಾಡುತ್ತೀರಿ" ಎಂಬ ಮೂರು ಪ್ರಶ್ನೆಗಳನ್ನು ಕೇಳುವ ಹಕ್ಕು ಮನೆಯವರಿಗಿದೆ.

ಚರಿತ್ರೆಯ ನಿಜವಾದ ತಿರುವು ಬಂದದ್ದು ಒಂದು ಹೊಸ ಪ್ರಶ್ನೆಯಿಂದ. "ಇವರನ್ನು ಹೇಗೆ ಸುಮ್ಮನಾಗಿಸುವುದು?" ಎಂಬುದರ ಬದಲು "ಇವರು ಏನು ಹೇಳುತ್ತಿದ್ದಾರೆ?" ಎಂದು ಕೆಲವರು ಕೇಳತೊಡಗಿದರು. ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ಟಾಮ್ ಕಿಟ್‌ವುಡ್ 1997ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ರೋಗಕ್ಕಿಂತ ಮೊದಲು ವ್ಯಕ್ತಿಯನ್ನು ಕಾಣಬೇಕೆಂದು ವಾದಿಸಿದರು. ಕೆಟ್ಟವರಲ್ಲದ ಜನರೂ ಅರಿವಿಲ್ಲದೆ ರೋಗಿಯನ್ನು ಹೇಗೆ ಕುಗ್ಗಿಸುತ್ತಾರೆಂಬುದನ್ನು ಅವರು ಪಟ್ಟಿ ಮಾಡಿದರು. ಸುಳ್ಳು ಹೇಳಿ ಮೋಸಗೊಳಿಸುವುದು, ಕೂಸಿನಂತೆ ನಡೆಸಿಕೊಳ್ಳುವುದು, ಹೆದರಿಸುವುದು, ಅವರಿಗೆ ತಿಳಿಯದಷ್ಟು ಬೇಗ ಮಾತಾಡುವುದು, ಅವರ ಎದುರಿಗೇ ಅವರು ಇಲ್ಲವೆಂಬಂತೆ ಅವರ ಬಗ್ಗೆ ಮಾತಾಡುವುದು. ಇವುಗಳಲ್ಲಿ ನಮ್ಮ ಮನೆಗಳಲ್ಲಿ ನಡೆಯದಿರುವುದು ಯಾವುದು, ಹೇಳಿ? ಜಿಸ್ಕಾ ಕೋಹೆನ್-ಮ್ಯಾನ್ಸ್‌ಫೀಲ್ಡ್ ಎಂಬ ಸಂಶೋಧಕಿಯು ಇಂಥ ವರ್ತನೆಗಳ ಹಿಂದೆ ಈಡೇರದ ಅಗತ್ಯಗಳಿರುತ್ತವೆಂದು ದೀರ್ಘಕಾಲದ ಅಧ್ಯಯನದಿಂದ ತೋರಿಸಿದರು: ನೋವು, ಹಸಿವು, ಒಂಟಿತನ, ಬೇಸರ, ಭಯ. 2011ರಲ್ಲಿ ನಾರ್ವೆ ದೇಶದ 18 ಆರೈಕೆ ಕೇಂದ್ರಗಳಲ್ಲಿ 352 ರೋಗಿಗಳ ಮೇಲೆ ನಡೆದ ಪ್ರಯೋಗವೊಂದು ನನಗೆ ಬಹಳ ಬೋಧಪ್ರದವೆನಿಸಿದೆ. ಉದ್ರೇಕಗೊಳ್ಳುತ್ತಿದ್ದವರಿಗೆ ಮತ್ತು ಬರಿಸುವ ಔಷಧದ ಬದಲು ಹಂತಹಂತವಾಗಿ ನೋವಿನ ಚಿಕಿತ್ಸೆ ಕೊಟ್ಟರು. ಬಹುಪಾಲು ಜನರಿಗೆ ಕೊಟ್ಟದ್ದು ನಮ್ಮ ಊರಿನ ಅಂಗಡಿಗಳಲ್ಲೂ ಸಿಗುವ ಪ್ಯಾರಸಿಟಮಾಲ್. ಎಂಟು ವಾರಗಳಲ್ಲಿ ಉದ್ರೇಕವು ಸರಾಸರಿ 17 ಪ್ರತಿಶತ ಇಳಿಯಿತು. ಮಂಡಿನೋವು, ಹಲ್ಲುನೋವು, ಮಲಬದ್ಧತೆ ಇವುಗಳನ್ನು ಬಾಯಿಬಿಟ್ಟು ಹೇಳಲಾಗದವರು ಬೈದು, ಹೊಡೆದು ಹೇಳುತ್ತಿದ್ದರು ಎಂದಾಯಿತು.

ಈ ಮಾತನ್ನು ನಮ್ಮ ಸೀಮೆಯ ಬದುಕಿಗೆ ಹೊಂದಿಸಿ ನೋಡೋಣ. ಬೈಲಹೊಂಗಲ ಕಡೆಯ ರೈತರೊಬ್ಬರು ನಸುಕಿನ ನಾಲ್ಕಕ್ಕೆ ಎದ್ದು ಬಾಗಿಲು ಬಡಿಯುತ್ತಾರೆ ಎನ್ನಿ. ಅದು ಹುಚ್ಚಲ್ಲ, ಐವತ್ತು ವರ್ಷ ಆ ಹೊತ್ತಿಗೇ ಎದ್ದು ಎತ್ತುಗಳಿಗೆ ಮೇವು ಹಾಕಿದ ಕೈ ಅದು. ಎತ್ತು ಹೋಗಿ ಟ್ರ್ಯಾಕ್ಟರ್ ಬಂದದ್ದು ಮನೆಗೆ ಗೊತ್ತು, ಅವರ ಮೆದುಳಿಗೆ ಗೊತ್ತಿಲ್ಲ. ಜೊತೆಗೆ ಎದ್ದು, ಗ್ವಾದಲಿಯವರೆಗೆ ಒಂದು ಸುತ್ತು ನಡೆಸಿ, ಒಂದು ಬಟ್ಟಲು ಚಹಾ ಕೊಟ್ಟರೆ ಜಗಳವೇ ಹುಟ್ಟುವುದಿಲ್ಲ. ರಾಮದುರ್ಗದ ನೇಕಾರ ಅಜ್ಜಿಯೊಬ್ಬಳು ಹೊದಿಕೆಯ ಎಳೆಗಳನ್ನು ಹಿರಿದು ಹಿರಿದು ಹಾಳು ಮಾಡುತ್ತಿದ್ದಳೆಂದು ಅವಳ ಮನೆಯವರು ನನಗೆ ಹೇಳಿದ್ದರು. ಅವಳ ಕೈಗೆ ನೂಲಿನ ಲಡಿ, ಕಂಡಿಕೆ ಕೊಟ್ಟ ಮೇಲೆ ಹೊದಿಕೆ ಉಳಿಯಿತು, ಅವಳಿಗೂ ಮಧ್ಯಾಹ್ನ ಸರಿಯತೊಡಗಿತು.

ಎಲ್ಲಕ್ಕಿಂತ ಕಠಿಣವಾದದ್ದು ಸಂಜೆಯ ಹೊತ್ತು. ಬೆಳಕು ಇಳಿಯುತ್ತಿದ್ದಂತೆ ಇವರಲ್ಲಿ ಹಲವರಿಗೆ ಕಳವಳ ಹೆಚ್ಚುತ್ತದೆ. "ನಾ ನಮ್ಮ ಮನಿಗೆ ಹೋಗ್ತೇನಿ" ಎಂದು ತಮ್ಮ ಮನೆಯಲ್ಲೇ ಕುಳಿತು ಹಟ ಹಿಡಿಯುತ್ತಾರೆ. ಸವದತ್ತಿ ತಾಲ್ಲೂಕಿನಲ್ಲಿ ಈ ಮಾತಿಗೆ ಇನ್ನೊಂದು ಅರ್ಥವೂ ಇದೆ. 1970ರ ದಶಕದ ಆರಂಭದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆ ತುಂಬಿ ನಿಂತಾಗ ಊರುಗಳು ನೀರಿನಡಿ ಸೇರಿದವು. ಅಂಥ ಊರಿನ ತಾಯಿಯೊಬ್ಬಳು ತವರಿಗೆ ಹೋಗುತ್ತೇನೆಂದರೆ ಕರೆದೊಯ್ಯುವುದು ಎಲ್ಲಿಗೆ? "ಅದು ಮುಳುಗಿ ಹೋಗ್ಯದ, ನಿನಗ ನೆನಪಿಲ್ಲೇನು?" ಎಂದು ತಿದ್ದಿದರೆ ಅವಳ ಪಾಲಿಗೆ ಊರು ಅಂದೇ ಹೊಸದಾಗಿ ಮುಳುಗುತ್ತದೆ. ನಾಳೆ ಸಂಜೆ ಮತ್ತೆ ಕೇಳುತ್ತಾಳೆ, ಮತ್ತೆ ಮುಳುಗುತ್ತದೆ. "ಯವ್ವಾ, ನಿಮ್ಮ ಮನಿ ಮುಂದ ಏನ ಗಿಡ ಇತ್ತ?" ಎಂದು ಕೇಳಿದರೆ ಮಾತು ಬೇವಿನ ಗಿಡಕ್ಕೆ, ಅಲ್ಲಿಂದ ಹೊಳೆಗೆ, ಹೊಳೆಯಿಂದ ಅವಳ ಅಣ್ಣತಮ್ಮಂದಿರಿಗೆ ಸಾಗುತ್ತದೆ. ಇಲ್ಲಿ ಸುಳ್ಳು ಹೇಳಿಲ್ಲ, ತಿದ್ದಿಯೂ ಇಲ್ಲ. ಅವಳು ಕೇಳುತ್ತಿದ್ದದ್ದು ಗೋಡೆ ಮಾಡುಗಳ ಮನೆಯನ್ನಲ್ಲ, ತನ್ನನ್ನು ಬಲ್ಲವರಿದ್ದ ಒಂದು ಎಡೆಯನ್ನು. ತಿದ್ದುವುದೇ ವೃತ್ತಿಯಾದ ನಮ್ಮಂಥ ಶಿಕ್ಷಕರಿಗೆ ಈ ಪಾಠ ಕಷ್ಟದ್ದು.

ಭಾರತದಲ್ಲಿ ಈ ತಿಳಿವಳಿಕೆ ಬೆಳೆದ ಬಗೆಯನ್ನೂ ದಾಖಲಿಸಬೇಕು. 1992ರಲ್ಲಿ ಕೇರಳದಲ್ಲಿ ಆಲ್‌ಝೈಮರ್ ಮತ್ತು ಸಂಬಂಧಿತ ರೋಗಗಳ ಸೊಸೈಟಿ ಸ್ಥಾಪನೆಯಾಯಿತು. 1998ರಲ್ಲಿ ಕೊಚ್ಚಿಯ ಸಭೆಯಿಂದ "10/66" ಎಂಬ ಸಂಶೋಧನಾ ಬಳಗ ಹುಟ್ಟಿತು. ಡಿಮೆನ್ಶಿಯಾ ರೋಗಿಗಳಲ್ಲಿ 66 ಪ್ರತಿಶತ ಜನ ಬಡ ಹಾಗೂ ಮಧ್ಯಮ ದೇಶಗಳಲ್ಲಿದ್ದರೂ ಸಂಶೋಧನೆಯ 10 ಪ್ರತಿಶತಕ್ಕಿಂತ ಕಡಿಮೆ ಅಲ್ಲಿ ನಡೆಯುತ್ತಿದೆ ಎಂಬ ಅನ್ಯಾಯವೇ ಆ ಹೆಸರಿನ ಅರ್ಥ. ನಮ್ಮ ನೆರೆಯ ಗೋವಾದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದು ನಮಗೆ ಹತ್ತಿರದ್ದು. 81 ಕುಟುಂಬಗಳನ್ನು ಅಧ್ಯಯನಕ್ಕೆ ತೆಗೆದುಕೊಂಡು, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರನ್ನು ಮನೆಗಳಿಗೆ ಕಳುಹಿಸಿ, ಆರೈಕೆ ಮಾಡುವವರಿಗೆ ತಿಳಿವಳಿಕೆಯನ್ನೂ ಧೈರ್ಯವನ್ನೂ ಕೊಡಲಾಯಿತು. ರೋಗಿಗಳ ವರ್ತನೆಯಲ್ಲಿ ಖಚಿತವೆನ್ನಬಹುದಾದ ಬದಲಾವಣೆ ಕಾಣಲಿಲ್ಲ, ಆದರೆ ಆರೈಕೆ ಮಾಡುವವರ ಮನಸ್ಸಿನ ಬೇಗೆ ಇಳಿಯಿತು. ಇದನ್ನು ಸಣ್ಣ ಫಲವೆನ್ನಬೇಡಿ. ಎಷ್ಟೋ ಮನೆಗಳಲ್ಲಿ ಸೊಸೆಯೊಬ್ಬಳೇ ಹಗಲಿರುಳು ಈ ಭಾರ ಹೊತ್ತಿರುತ್ತಾಳೆ, ಅವಳ ಬೇಗೆ ಇಳಿದರೆ ಆ ಮನೆ ಉಳಿಯುತ್ತದೆ.

ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಡಿಮೆನ್ಶಿಯಾಗೆಂದೇ ಆರೈಕೆ ಕೇಂದ್ರವನ್ನು ತೆರೆಯಿತು. 2016ರಲ್ಲಿ ಬಂದ "ಗೋಧಿ ಬಣ್ಣ ಸಾಧಾರಣ ಮೈಕಟ್ಟು" ಚಲನಚಿತ್ರದಲ್ಲಿ ಅನಂತನಾಗ್ ಅವರು ಆಲ್‌ಝೈಮರ್ ಪೀಡಿತ ತಂದೆಯಾಗಿ ಅಭಿನಯಿಸಿ, ಕಳೆದುಹೋಗುವ ಹಿರಿಯರ ಸಂಕಟವನ್ನು ಕನ್ನಡದ ಮನೆಮನೆಗೂ ತಲುಪಿಸಿದರು. 2018ರ ಮೇ 29ರಿಂದ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ನೆನಪಿನ ತೀವ್ರ ಕೆಡುಕನ್ನೂ ಸೇರಿಸಿದೆ, ಸರಪಳಿ ಹಾಕುವುದನ್ನು ಯಾವ ರೂಪದಲ್ಲೂ ನಿಷೇಧಿಸಿದೆ. ಚಿಕಿತ್ಸಾ ಸಂಸ್ಥೆಗಳಲ್ಲಿ ತಡೆಹಿಡಿಯುವುದು ಶಿಕ್ಷೆಯಾಗಿ ಕೂಡದು, ಸನ್ನಿಹಿತವಾದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ವೈದ್ಯರ ಒಪ್ಪಿಗೆಯಿಂದ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವು ಅರವತ್ತು ದಾಟಿದ ಭಾರತೀಯರಲ್ಲಿ 7.4 ಪ್ರತಿಶತ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆಯೆಂದು ಅಂದಾಜಿಸಿತು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು. ಇದು ದೊಡ್ಡ ಊರಿನವರ ಕಾಯಿಲೆ ಎನ್ನುವವರು ಈ ಅಂಕಿಯನ್ನು ನೆನಪಿಡಬೇಕು.

ಹಾಗಾದರೆ ನಾವು ಮಾಡಬೇಕಾದದ್ದೇನು? ವರ್ತನೆ ಹಠಾತ್ತನೆ ಕೆಟ್ಟರೆ ಮೊದಲು ದೇಹವನ್ನು ಪರೀಕ್ಷಿಸಿ. ಮೂತ್ರದ ಸೋಂಕು, ಜ್ವರ, ನೋವು, ಹೊಸ ಔಷಧ, ಕಿವಿಯ ಮಂದತನ ಯಾವುದೂ ಕಾರಣವಾಗಿರಬಹುದು. ಗದ್ದಲಕ್ಕೆ ಮುಂಚೆ ಏನಾಯಿತು, ಆಮೇಲೆ ಏನಾಯಿತು ಎಂದು ಒಂದು ನೋಟುಬುಕ್ಕಿನಲ್ಲಿ ಎರಡು ವಾರ ಬರೆಯಿರಿ, ವೈದ್ಯರಿಗೆ ಅದಕ್ಕಿಂತ ಒಳ್ಳೆಯ ವರದಿ ಇಲ್ಲ. ಸ್ನಾನಕ್ಕೆ ಜಗಳವಾದರೆ ಹೊತ್ತು ಬದಲಿಸಿ, ನೀರು ಮೈಗೆ ಮುಟ್ಟುವ ಮುನ್ನ ಕೈಗೆ ಮುಟ್ಟಿಸಿ. ಹಣ ಕದ್ದೆ ಎಂದು ಬೈದರೆ ವಾದಿಸದೆ ಜೊತೆಗೆ ಹುಡುಕಿ. ಎದುರು ನಿಂತು ಒಂದೊಂದೇ ಮಾತು ಹೇಳಿ. ಹೊರಗೆ ಹೋಗುವ ಅಭ್ಯಾಸವಿದ್ದರೆ ಅಂಗಿಯ ಜೇಬಿನಲ್ಲಿ ಹೆಸರು, ಫೋನ್ ನಂಬರಿನ ಚೀಟಿ ಇರಲಿ, ಓಣಿಯ ಅಂಗಡಿಯವರಿಗೆ ತಿಳಿಸಿರಿ. ಕಿತ್ತೂರಿನವರಿಗೆ ಧಾರವಾಡ ಹೆದ್ದಾರಿಯಲ್ಲಿ ಬಹಳ ದೂರವೇನಲ್ಲ, ಹಳೆಯ ಬೈಗುಳಕ್ಕೆ ಅಂಜಿ ಅಲ್ಲಿಗೆ ಹೋಗದಿರಬೇಡಿ. ಮನಸ್ಸಿನ ಕಷ್ಟಕ್ಕೆ 14416, ಹಿರಿಯರ ಸಹಾಯಕ್ಕೆ 14567 ಎಂಬ ಸರ್ಕಾರದ ಸಹಾಯವಾಣಿಗಳಿವೆ.

ಕೊನೆಯದಾಗಿ, ಆರೈಕೆ ಕೇಂದ್ರದ ಮಾತು. ಇಬ್ಬರೂ ದುಡಿಯುವ ಮನೆಯಲ್ಲಿ, ಕಾಯುವವರೇ ಕಾಯಿಲೆ ಬಿದ್ದ ಮನೆಯಲ್ಲಿ, ತಂದೆತಾಯಿಯನ್ನು ಒಳ್ಳೆಯ ಕೇಂದ್ರದಲ್ಲಿ ಇಡುವುದು ಪಾಪವಲ್ಲ. ಹಿಂದೆ ಹತ್ತು ಕೈ ಮಾಡುತ್ತಿದ್ದ ಕೆಲಸವನ್ನು ಈಗ ಒಂದು ಸಂಸ್ಥೆಯಿಂದ ಪಡೆಯುತ್ತಿದ್ದೇವೆ, ಅಷ್ಟೇ. ಆದರೆ ಕಟ್ಟಡದ ಚಂದ ನೋಡಿ ಒಪ್ಪಬೇಡಿ. ರಾತ್ರಿ ಎಷ್ಟು ಜನ ಸಿಬ್ಬಂದಿ ಇರುತ್ತಾರೆ? ಅವರಿಗೆ ಕನ್ನಡ, ಅದರಲ್ಲೂ ನಮ್ಮ ಕಡೆಯ ಕನ್ನಡ, ತಿಳಿಯುತ್ತದೆಯೇ? ಯಾರಾದರೂ ಕೂಗಾಡಿದರೆ ನೀವು ಮೊದಲು ಏನು ಮಾಡುತ್ತೀರಿ? ಈ ಮೂರನೆಯ ಪ್ರಶ್ನೆಗೆ "ಗುಳಿಗಿ ಕೊಡ್ತೇವ್ರಿ" ಎಂಬ ಉತ್ತರ ಬಂದರೆ ಬೇರೆ ಕೇಂದ್ರ ನೋಡಿ. "ಯಾಕ ಕೂಗ್ತಾರಂತ ನೋಡ್ತೇವ್ರಿ" ಎಂದರೆ ಒಳಗೆ ಹೋಗಿ ಕುಳಿತು ಮಾತಾಡಿ. ನಿಮ್ಮ ತಂದೆತಾಯಿಯ ಊರು, ಉದ್ಯೋಗ, ಇಷ್ಟದ ಅಡುಗೆ, ಎದ್ದೇಳುವ ಹೊತ್ತು, ಅಂಜಿಕೆ ಇವುಗಳನ್ನು ಎರಡು ಪುಟದಲ್ಲಿ ಬರೆದು ಅವರಿಗೆ ಕೊಡಿ. ಅವರು ಅದನ್ನು ಓದುತ್ತಾರೋ ಇಲ್ಲವೋ ಎಂಬುದರಿಂದಲೇ ಆ ಕೇಂದ್ರದ ಯೋಗ್ಯತೆ ತಿಳಿಯುತ್ತದೆ.

ಕಿತ್ತೂರ ರಾಣಿ ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು, 1829ರಲ್ಲಿ ಅವಳು ಅಲ್ಲಿಯೇ ಕೊನೆಯುಸಿರೆಳೆದಳು. ಸುಮಾರು ಎರಡು ಶತಮಾನ ಕಳೆದರೂ ನಮ್ಮ ಸೀಮೆಯ ಜನ ಆ ಸೆರೆಯನ್ನು ನೆನೆದು ನೊಂದುಕೊಳ್ಳುತ್ತಾರೆ. ತರಗತಿಯಲ್ಲಿ ಆ ಪಾಠ ಕೇಳಿದವರು ನೀವು. ನಿಮ್ಮ ಮನೆಯ ಹಿತ್ತಲ ಕೋಣೆಯ ಚಿಲಕಕ್ಕೆ ಕೈ ಹಾಕುವ ಮುನ್ನ ಒಂದು ಕ್ಷಣ ನಿಂತು, ಒಳಗಿರುವವರು ಏನು ಹೇಳಲು ಯತ್ನಿಸುತ್ತಿದ್ದಾರೆಂದು ಕೇಳಿಸಿಕೊಳ್ಳಿ. ಉತ್ತರ ಎಲ್ಲ ದಿನವೂ ಸಿಗಲಾರದು. ಸಿಕ್ಕ ದಿನ ಆ ಮನೆಯಲ್ಲಿ ಎಲ್ಲರಿಗೂ ನಿದ್ದೆ ಬರುತ್ತದೆ.